ನೀಲಿ ಗಾಜಿನ ಕೆಳಗೆ

"ತಲೆ ಮೇಲೆ ಗಾಜು ಬಿದ್ದೀತು, ಈ ಕಡೆ ಬನ್ನಿ ಮೇಡಂ..."

ಆ ದನಿ ಕೇಳಿದ್ದೇ ವಿದಾದಳ ಎದೆ ಧಸಕ್ಕೆಂದಿತು. ಅಟ್ಟಣಿಗೆಯಿಂದ ಇಳಿದು ಬಂದವನು ಸಫ್ವತ್. ಒಂದು ಕಾಲಕ್ಕೆ ಅವಳ ಕೈಹಿಡಿಯಬೇಕಿದ್ದವನು!

ಅವನ ಮುಖವೂ ಬಿಳುಚಿತು. "ಕ್ಷಮಿಸಿ, ನೀವು ಅಂತ ಗೊತ್ತಾಗ್ಲಿಲ್ಲ."

'ನೀವು'... ಅಷ್ಟು ದೂರ ಹೋಗಿಬಿಟ್ಟನಾ?

ಕೈರೋದ ಆ ಹಳೆಯ ಮ್ಯೂಸಿಯಂನಲ್ಲಿ ಪುರಾತನ ಬಟ್ಟೆಗಳನ್ನು ಕಾಪಾಡುವುದು ವಿದಾದಳ ಕೆಲಸ. ಯುದ್ಧಕಾಲದಲ್ಲಿ ಶತ್ರು ವಿಮಾನಗಳಿಗೆ ಬೆಳಕು ಕಾಣದಿರಲೆಂದು ಚಾವಣಿಯ ಗಾಜಿಗೆ ಬಳಿದ ನೀಲಿ ಬಣ್ಣ ಹಾಗೇ ಉಳಿದಿತ್ತು. ಬಿರುಕುಬಿಟ್ಟ ಆ ಗಾಜುಗಳನ್ನು ಬದಲಿಸಲು ಬಂದ ಇಂಜಿನಿಯರನೇ ಅವನು. ಎಷ್ಟೋ ವರ್ಷಗಳ ಹಿಂದೆ ಆ ನೀಲಿ ಬೆಳಕಿನಲ್ಲೇ ಇಬ್ಬರೂ ಮೊದಲು ಮಾತಾಡಿದ್ದು. ಈಗ ಅದೇ ಬೆಳಕಿನಲ್ಲಿ ಅವಳು ಕಣ್ಣೀರು ಮರೆಸಿಕೊಂಡು ಗಾಜಿನ ಪೆಟ್ಟಿಗೆಗಳಿಗೆ ಹೊದಿಕೆ ಹೊದಿಸುತ್ತಿದ್ದಳು.

ಮೇಸ್ತ್ರಿ ಮಿತ್ವಲ್ಲಿಯ ಬಾಯಿಗೆ ಬೀಗವಿಲ್ಲ. "ಗಾಜು ಮೇಲಿದೆ ಸಾಹೇಬ್ರೆ, ನೀವು ಕೆಳಗೇ ನೋಡ್ತೀರಲ್ಲ" ಎಂದು ಛೇಡಿಸಿದ. ಸಫ್ವತ್ ಮತ್ತೆ ಅಟ್ಟಣಿಗೆ ಹತ್ತಿದ.

ಕೊನೆಯ ಗಾಜೂ ಬದಲಾಯಿತು. ನಿಚ್ಚಳ ಬಿಸಿಲಿನಲ್ಲಿ ಅವನ ಬಲಗೈಯ ಬೆಳ್ಳಿ ಉಂಗುರ ಅವಳ ಕಣ್ಣಿಗೆ ಬಿತ್ತು. ಅಲ್ಲಿಯ ರೂಢಿಯಂತೆ ಬಲಗೈಯಲ್ಲಿದ್ದರೆ ನಿಶ್ಚಿತಾರ್ಥ, ಮದುವೆಯ ದಿನ ಅದು ಎಡಗೈಗೆ ಹೋಗುತ್ತದೆ.

ಯಾರೋ ಸಿಕ್ಕಿದ್ದಾಳೆ... ಇನ್ನು ನನಗೇನೂ ಉಳಿಯಲಿಲ್ಲ.

"ಒಳ್ಳೇದಾಗ್ಲಿ. ಹುಡುಗಿ ಯಾರು?" ಅವಳೇ ಕೇಳಿದಳು.

"ಯಾವ ಹುಡುಗಿ? ಚಿನ್ನ ವಾಪಸ್ ಕಳಿಸಿದವಳು ನೀನು. ಅದರ ಅರ್ಥ ನಿಂಗೆ ಗೊತ್ತಿಲ್ವಾ?"

ಗೊತ್ತಿತ್ತು. ನಿಶ್ಚಿತಾರ್ಥದ ಚಿನ್ನವನ್ನು ಹುಡುಗಿ ಮರಳಿಸಿದರೆ ಸಂಬಂಧ ಮುರಿದಳೆಂದೇ ಲೆಕ್ಕ. ಆದರೆ ಆಗ ಅವನ ತಾಯಿ ಆಸ್ಪತ್ರೆಯಲ್ಲಿದ್ದರು. ಖರ್ಚಿಗೆ ಮಾರಿಕೋ ಎಂದರೆ ಅವನ ಸ್ವಾಭಿಮಾನಕ್ಕೆ ಪೆಟ್ಟಾದೀತೆಂದು ಒಂದು ಮಾತೂ ಹೇಳದೆ ಕಳಿಸಿದ್ದಳು. ಅರ್ಥಮಾಡಿಕೊಂಡು ಬರುತ್ತಾನೆಂದು ಕಾದಳು. ಅವನು ಬರಲೇ ಇಲ್ಲ.

"ಬಳೆ ಕಳಿಸಿದ್ದೆ ಸಫ್ವತ್. ಉಂಗುರ ಕಳಿಸಿದ್ದೆನಾ?"

ಕೊರಳ ಸರದಿಂದ ಅವಳು ಉಂಗುರ ಹೊರತೆಗೆದಳು. ಅವನು ಅದನ್ನೇ ನೋಡುತ್ತ ಮೆಲ್ಲಗೆ ಹೇಳತೊಡಗಿದ. ಅಮ್ಮ ಆ ವಾರವೇ ತೀರಿಕೊಂಡರಂತೆ. ಬಳೆಗಳು ಇನ್ನೂ ಗಂಟಿನಲ್ಲೇ ಇವೆಯಂತೆ. ಯಾರಿಗೂ ಉಪಯೋಗಕ್ಕೆ ಬಾರದ ಆ ಗಂಟಿಗೆ ಇಬ್ಬರ ಯೌವನವೂ ಬಲಿಯಾಯಿತಲ್ಲ ಎಂದು ವಿದಾದ್ ಬಿಕ್ಕಿ ಬಿಕ್ಕಿ ಅತ್ತಳು.

ಅವನು ತನ್ನ ಉಂಗುರ ಕಳಚಿ ಅವಳ ಅಂಗೈಗಿಟ್ಟ. ಒಳಮೈಯಲ್ಲಿ ಕೆತ್ತಿದ್ದ ಅವಳ ಹೆಸರು ಸವೆದು ಮಾಸಿತ್ತು.

"ಬಲಗೈಯಲ್ಲೇ ಮುದಿಯಾಯ್ತು ಇದು. ಎಡಗೈಗೆ ಹಾಕ್ತೀಯಾ?"

"ತಲೆ ನರೆತಿದೆ ನಂಗೆ. ಈ ಬೆಳಕಲ್ಲಿ ಸರಿಯಾಗಿ ನೋಡ್ಕೊಂಡು ಹೇಳು..."

"ನೋಡ್ತಾನೇ ಇದೀನಲ್ಲ. ಮೇಸ್ತ್ರಿ ಛೇಡಿಸಿದ್ದು ಅದಕ್ಕೇ ತಾನೆ?"

ವಿದಾದ್ ಅವನ ಎಡಗೈ ಹಿಡಿದಳು.