ಗೋಪಿಕಾ ಆರಿಸಿದ ದೀಪ

ಶನಿವಾರ ಬೆಳಗ್ಗೆ ಎಂಟು ಐವತ್ತು. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಟೈರ್ ಗಾಳಿಯ ಹಳದಿ ದೀಪ ಉರಿಯುತ್ತಿತ್ತು.

ಪೆಟ್ರೋಲ್ ಹಾಕಿಸಿಕೊಂಡು ಬಂದ ಚಿಕ್ಕಪ್ಪ, ಎಂಜಿನ್ ಆರಿಸದೆ, ಫೋನಿನಲ್ಲಿ ಮಾತಾಡುತ್ತ ಮನೆಯೊಳಗೆ ಹೋಗಿದ್ದ. ದೀಪವನ್ನು ನೋಡಿದವಳು ಮುಂದಿನ ಸೀಟಿನಲ್ಲಿದ್ದ ಗೋಪಿಕಾ ಒಬ್ಬಳೇ.

ಪೊಳ್ಳಾಚಿಯಲ್ಲಿ ಚೆಸ್ ಟೂರ್ನಮೆಂಟ್. ಹತ್ತೂಕಾಲಿಗೆ ಹಾಜರಿ ಕೊಡಬೇಕು. ದೀಪ ಕಂಡರೆ ಅಪ್ಪ ಹೊರಡುವವರಲ್ಲ. ಗಾಳಿ ಅಳೆಯುವ ಗೇಜ್ ತಂದು ನಾಲ್ಕೂ ಟೈರ್ ನೋಡುತ್ತಾರೆ. ಅಷ್ಟರಲ್ಲಿ ಒಂಬತ್ತಾಗುತ್ತದೆ. ಒಂಬತ್ತಾದರೆ ಅಂಬುಜಮ್ಮಜ್ಜಿ ಹತ್ತೂವರೆವರೆಗೆ ಹೊಸ್ತಿಲು ದಾಟುವುದಿಲ್ಲ, ಯಾರನ್ನೂ ದಾಟಲು ಬಿಡುವುದೂ ಇಲ್ಲ.

"ಏ ವಾದೀಶಾ, ರಾಹುಕಾಲಂ ಬಂದ್ಬಿಡ್ತದೆ, ಸೀಕ್ರಂ ಹೊರಡೋ!" ಒಳಗಿಂದ ಅಜ್ಜಿ ಅಪ್ಪನನ್ನು ಕೂಗುವುದು ಕೇಳಿಸಿತು.

ಗಾಳಿ ತುಂಬಿಸಿದ ಮೇಲೆ ಅಪ್ಪ ಸ್ಟೀರಿಂಗ್ ಕೆಳಗಿನ ‘ಸೆಟ್’ ಬಟನ್ ಒತ್ತುವುದನ್ನು ಗೋಪಿಕಾ ನೋಡಿದ್ದಳು. ಕೈ ಚಾಚಿ ಒತ್ತಿ ಹಿಡಿದಳು. ದೀಪ ಮೂರು ಸಲ ಮಿನುಗಿ ಆರಿತು.

ಒಂಬತ್ತಕ್ಕೆ ಮೂರು ನಿಮಿಷ ಇರುವಾಗ ಕಾರು ಗಣಪತಿ ಬಡಾವಣೆಯ ಮನೆ ಬಿಟ್ಟಿತು.

"ಏನೇ ಚೆಸ್ ರಾಣಿ, ಬಾಯಿಗೆ ಬೀಗವಾ?" ಉಕ್ಕಡಂ ದಾಟುವಾಗ ಅಜ್ಜಿ ಹಿಂದಿನಿಂದ ಕೇಳಿದರು. ಗೋಪಿಕಾ ನಕ್ಕಂತೆ ಮಾಡಿದಳು. ಸ್ವಲ್ಪ ಹೊತ್ತಿಗೆ ಅಜ್ಜಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದರು.

ಹೈವೇಯಲ್ಲಿ ಅಪ್ಪ ಹುಬ್ಬು ಗಂಟಿಕ್ಕಿದರು. "ಸ್ಟೀರಿಂಗ್ ಎಡಕ್ಕೆ ಎಳೀತಿದೆಯಲ್ಲ." ಡ್ಯಾಶ್‌ಬೋರ್ಡ್ ನೋಡಿದರು. "ಲೈಟೇನೂ ಇಲ್ಲ. ರೋಡೇ ಹೀಗಿರಬೇಕು."

ಮುಂದೆ ತೆಂಗಿನಕಾಯಿ ಲಾರಿ. ಅದನ್ನು ಹಿಂದೆ ಹಾಕಲು ಅಪ್ಪ ವೇಗ ಹೆಚ್ಚಿಸಿದರು. ಗೋಪಿಕಾ ಹಿಂದಕ್ಕೆ ತಿರುಗಿದಳು. ಕಾರು ಕುಲುಕಿದಾಗೆಲ್ಲ ಅಜ್ಜಿಯ ತಲೆ ಗಾಜಿಗೆ ಮೆಲ್ಲಗೆ ತಾಗುತ್ತಿತ್ತು.

"ಅಪ್ಪಾ, ಬೇಡ! ಲೈಟ್ ಇತ್ತು. ನಾನೇ ಸೆಟ್ ಒತ್ತಿ ಆರಿಸಿದೆ."

ಅಪ್ಪ ಲಾರಿಯ ಹಿಂದೆಯೇ ಉಳಿದರು. ನಿಧಾನವಾಗಿ ಬ್ರೇಕ್ ಒತ್ತಿದರು, ಇಂಡಿಕೇಟರ್ ಹಾಕಿ ಕಾರನ್ನು ಅಂಚಿಗೆ ತಂದರು. ಅಲ್ಲಿಂದ ಕಿಣತ್ತುಕಡವಿನ ಪಂಚರ್ ಅಂಗಡಿ ಒಂದು ಫರ್ಲಾಂಗ್. ಅಷ್ಟು ದೂರ ಕಾರು ನಡೆಯುವಷ್ಟು ಮೆಲ್ಲಗೆ ಹೋಯಿತು.

ಅಂಗಡಿಯ ಲಿಂಗಪ್ಪನ್ ಮುಂದಿನ ಎಡ ಟೈರಿಗೆ ಗೇಜ್ ಹಚ್ಚಿದರು. ಮೂವತ್ತಮೂರು ಇರಬೇಕಾದಲ್ಲಿ ಹದಿನೇಳು. ಸೋಪಿನ ನೀರು ಸುರಿದಾಗ ಒಂದು ಕಡೆ ಗುಳ್ಳೆ ಎದ್ದಿತು. ಇಕ್ಕಳ ಹಾಕಿ ಎಳೆದರೆ ಮೊಳೆ.

"ಈ ಸ್ಪೀಡಲ್ಲಿ ಇನ್ನೊಂದು ಸ್ವಲ್ಪ ದೂರ ಹೋಗಿದ್ರೆ ಟೈರ್ ವೆಡಿಚ್ಚು ಢಮ್ ಅಂತ ಒಡೆದಿರೋದು ಸಾರ್," ಎಂದರು. ಅವರ ಮನೆಮಾತೂ ಕನ್ನಡವೇ. "ಲೈಟ್ ಬರಲಿಲ್ಲವಾ?"

"ಬಂದಿತ್ತು," ಎಂದಳು ಗೋಪಿಕಾ.

ಅಪ್ಪ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತರು. "ಈ ಕಾರಲ್ಲಿ ಟೈರೊಳಗೆ ಸೆನ್ಸರ್ ಇಲ್ಲ, ಗೋಪಿ. ಗಾಳಿ ಕಮ್ಮಿಯಾದ ಚಕ್ರ ಬೇಗ ಸುತ್ತತ್ತೆ. ಅದನ್ನ ನೋಡಿ ಲೈಟ್ ಹಾಕತ್ತೆ. ನೀನು ಸೆಟ್ ಒತ್ತಿದಾಗ, ಇಷ್ಟೇ ಗಾಳಿ ಸರಿ ಅಂತ ಅದಕ್ಕೆ ಹೇಳಿದ ಹಾಗಾಯ್ತು. ಅದು ನಂಬ್ತು. ಅದನ್ನ ನೋಡಿ ನಾನೂ ನಂಬಿದೆ."

ಗೋಪಿಕಾ ಕಣ್ಣೊರೆಸಿಕೊಂಡಳು. ಅಜ್ಜಿ ಕಾರಿನಿಂದ ಇಳಿದು ಬಂದು ಅವಳ ಕೈ ಹಿಡಿದುಕೊಂಡರು.

ಪೊಳ್ಳಾಚಿ ಮುಟ್ಟಿದಾಗ ಹತ್ತು ಐವತ್ತು. ಟೂರ್ನಮೆಂಟ್ ಹಾಲ್‌ನ ಬಾಗಿಲಲ್ಲಿ ಹಾಜರಿ ಪಟ್ಟಿ ಹಿಡಿದಿದ್ದ ತೆನ್ಮೊಳಿ ಟೀಚರ್ ತಮಿಳಿನಲ್ಲಿ, "ಯಾಕಮ್ಮಾ ಇಷ್ಟು ಲೇಟು? ಪಂಚರಾ? ಪಾವಂ, ನೀನೇನು ಮಾಡ್ತೀಯ," ಎಂದರು.

ಹೌದು ಎಂದು ತಲೆಯಾಡಿಸಿದರೆ ಸಾಕಿತ್ತು.

"ಇಲ್ಲ ಮಿಸ್," ಎಂದಳು ಗೋಪಿಕಾ. "ಮನೆ ಬಿಡೋ ಮುಂಚೇನೇ ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ."

ತಡವಾದ್ದರಿಂದ ಮೊದಲ ಸುತ್ತಿನ ಪಾಯಿಂಟ್ ಆಟವಿಲ್ಲದೆಯೇ ಎದುರಾಳಿ ಇಲಕ್ಕಿಯಾಗೆ ಹೋಯಿತು. ಗೋಪಿಕಾ ಎರಡನೇ ಸುತ್ತಿನಿಂದ ಆಡಿದಳು.