ಬೇಡದ ಕಚ್ಚು

ಪರೀಕ್ಷಾ ಕಾರಿನ ಅಡಿಯಿಂದ ಬಿಚ್ಚಿ ತೆಗೆದ ರಬ್ಬರ್ ಮೌಂಟನ್ನು ಅವಳು ಅಂಗೈಯಲ್ಲಿ ತಿರುಗಿಸಿದಳು. ಅಂಚಿನಲ್ಲಿ ಬೆರಳು ತಟ್ಟನೆ ನಿಂತಿತು.

ರಬ್ಬರಿನಲ್ಲಿ ಕೊರೆದ ಕಚ್ಚು!

“ಏನಮ್ಮಾ, ಬೇರೆ ಕಂಪನಿ ಮಾಲು ನೋಡಿ ಹೊಟ್ಟೆಗೆ ಬೆಂಕಿ ಬಿತ್ತಾ?” ಕಾರು ಕಂಪನಿಯ ಖರೀದಿ ಅಧಿಕಾರಿ ನಕ್ಕರು.

ಎಂಜಿನ್ನಿನ ನಡುಕ ಒಳಗೆ ಕೂತವರಿಗೆ ತಟ್ಟದಂತೆ ತಡೆಯುವುದು ಈ ಮೌಂಟು. ಅದನ್ನು ಗಿರಾಕಿಯ ಕಾರಿಗೆ ಹೊಂದಿಸಿಕೊಡುವುದು ಅಪ್ಲಿಕೇಶನ್ ಎಂಜಿನಿಯರಾದ ಅವಳ ಕೆಲಸ. ಅವಳ ವಿನ್ಯಾಸವೇ ಎದುರಾಳಿ ಕಂಪನಿಯ ಹೆಸರು ಹೊತ್ತು, ಅವಳಿಗಿಂತ ಮೊದಲೇ ಇಲ್ಲಿ ಬಂದು ಕೂತಿತ್ತು. ಮಾರಿದವಳು ಅವಳೇ ಎಂದು ಆಫೀಸು ಆಗಲೇ ಪಿಸುಗುಡುತ್ತಿತ್ತು. ನಾಳೆ ವಿಚಾರಣೆ. ಕಳ್ಳಿ ಎನಿಸಿಕೊಂಡರೆ ಈ ಉದ್ಯಮದಲ್ಲಿ ಯಾವ ಗೇಟೂ ಅವಳಿಗೆ ತೆರೆಯದು.

“ಸಾರ್, ನಾನು ಕಳಿಸಿದ ಡ್ರಾಯಿಂಗಲ್ಲಿ ಈ ಕಚ್ಚು ಇತ್ತಾ?”

“ಇಲ್ವಲ್ಲ. ಯಾಕೆ?”

ಅವಳು ಫೋಟೋ ತೆಗೆದುಕೊಂಡು ತನ್ನ ಕಂಪನಿಯ ಲ್ಯಾಬಿಗೆ ಓಡಿದಳು.

“ನಮ್ಮ ಟೆಸ್ಟ್ ಬೆಂಚಿನ ಬೋಲ್ಟ್ ತಗಲುತ್ತೆ ಅಂತ ಮೊದಲನೇ ಸ್ಯಾಂಪಲ್‌ಗೆ ಕಚ್ಚು ಹಾಕಿದ್ದೆ, ನೆನಪಿದೆಯಾ?”

“ಇಲ್ದೆ ಏನು ಮೇಡಂ?” ಮೆಕ್ಯಾನಿಕ್ ಕೈ ಒರೆಸಿಕೊಂಡ. “ರಬ್ಬರ್ ಯಾಕೆ ಹಾಳು ಮಾಡ್ತೀರಿ ಅಂತ ಮಾರನೇ ದಿನ ನಾನೇ ಬೋಲ್ಟ್ ಕತ್ತರಿಸಿದೆ. ಆಮೇಲಿನ ಯಾವುದಕ್ಕೂ ಕಚ್ಚಿಲ್ಲ.”

“ಆ ಮೊದಲನೇದು?”

“ಅವತ್ತು ಸಂಜೆನೇ ಡಿಸೈನ್ ಸಾಹೇಬ್ರು ಒಯ್ದರಲ್ಲ — ಬೋಲ್ಟ್ ಕತ್ತರಿಸೋ ಮೊದಲೇ.”

ಡಿಸೈನ್ ಸಾಹೇಬರೆಂದರೆ ಅವಳ ಅಕ್ಕನ ಗಂಡ. ಸೂಕ್ಷ್ಮ ಅಳತೆಯ ವರ್ನಿಯರ್ ಹಿಡಿಯುವುದನ್ನು ಅವಳಿಗೆ ಕಲಿಸಿದವರು.

“ಬಾ ಪುಟ್ಟಿ,” ಎಂದರು ಭಾವ, ಕ್ಯಾಬಿನ್ನಿನ ಬಾಗಿಲಲ್ಲಿ ಅವಳನ್ನು ಕಂಡು. “ಕಳ್ಳ ಸಿಕ್ಕಿದ್ನಾ?”

ಅವಳು ಫೋಟೋ ಮುಂದಿಟ್ಟಳು. “ಈ ಕಚ್ಚು ಯಾಕೆ ಭಾವ?”

“ಬಿಸಿಗೆ ರಬ್ಬರ್ ಹಿಗ್ಗೋಕೆ ಜಾಗ. ನಿನ್ನದೇ ಜಾಣತನ ಅಲ್ವಾ?”

“ಅಲ್ಲ. ಬೆಂಚಲ್ಲಿ ಬೋಲ್ಟ್ ಅಡ್ಡ ಬರ್ತಿತ್ತು, ಅಷ್ಟೇ. ಕಾರಲ್ಲಿ ಆ ಬೋಲ್ಟೇ ಇಲ್ಲ. ಡ್ರಾಯಿಂಗ್ ಕದ್ದಿದ್ರೆ ಕಚ್ಚು ಬರ್ತಿರ್ಲಿಲ್ಲ. ಮೆಕ್ಯಾನಿಕ್ ಕದ್ದಿದ್ರೆ, ಅದು ಬೇಡ ಅಂತ ಅವನಿಗೆ ಗೊತ್ತು. ಆ ಸ್ಯಾಂಪಲ್ ಒಯ್ದು, ಕಚ್ಚು ನೋಡಿಯೂ ಯಾಕೆ ಅಂತ ಕೇಳದೇ ಇದ್ದವರು ಒಬ್ಬರೇ — ನೀವು.”

ಭಾವ ಎದ್ದು ಬಾಗಿಲು ಮುಚ್ಚಿದರು.

“ಕದ್ದದ್ದು ಹೋಗಲಿ. ಆಫೀಸಲ್ಲಿ ನನ್ನ ಹೆಸರು ಹೇಳಿದ್ದೂ ನೀವೇ ಅಲ್ವಾ? ಯಾಕೆ?”

“ಯಾರದಾದ್ರೂ ಹೇಳ್ಬೇಕಿತ್ತು. ಹೊರಗಿನವರಾದ್ರೆ ಬೀದಿಗೆ ಬೀಳ್ತಾರೆ. ನಿನಗೆ ನಾನಿದೀನಲ್ಲ.” ದನಿಯಲ್ಲಿ ನಿಜವಾಗಿಯೂ ಅಕ್ಕರೆಯಿತ್ತು. ಅದೇ ಅವಳನ್ನು ಇರಿದದ್ದು. “ಆ ಕಂಪನಿಯಲ್ಲಿ ನಿನಗೂ ಜಾಗ ಹಿಡಿದಿಟ್ಟಿದೀನಿ. ಇಲ್ಲಿಗಿಂತ ದೊಡ್ಡ ಹುದ್ದೆ. ನಾಳೆ ಸುಮ್ನಿದ್ದುಬಿಡು. ನಿಮ್ಮಕ್ಕನ ಮುಖ ನೋಡಿಯಾದ್ರೂ...”

“ನಾನು ಅಲ್ಲಿಗೆ ಬರೋದಿಲ್ಲ,” ಎಂದಳು ಅವಳು. “ಸುಮ್ನೆ ಇರೋದೂ ಇಲ್ಲ.”