ಅಭ್ಯರ್ಥಿಯ ಮಗನ ಉತ್ತರ

"ಎಲೆಕ್ಷನ್‌ಗೆ ನಿಂತಿರೋದು ನೀವಾ, ನಿಮ್ಮ ಅಮ್ಮನಾ?"

ಮೇಘಶ್ರೀ ಕೇಳಿದ ಧಾಟಿಗೆ ಹೊಸಕೆರೆಹಳ್ಳಿಯ ಆ ಮನೆಯ ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು. ವಾರ್ಡಿನ ಅಭ್ಯರ್ಥಿ ಮುನಿವೆಂಕಟಮ್ಮ ಸೋಫಾದ ಅಂಚಿನಲ್ಲಿ ಸೆರಗು ಹಿಡಿದು ಕುಳಿತಿದ್ದರು. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದವನು ಪಕ್ಕದಲ್ಲಿ ನಿಂತಿದ್ದ ಮಗ ದಿನೇಶ್.

"ಲೇಡೀಸ್ ಸೀಟ್ ಅಂತ ಅಮ್ಮ ನಿಂತಿದಾರೆ ಮೇಡಂ. ಅವರಿಗೆ ಮೈಕ್ ಅಂದ್ರೆ ಭಯ. ನಾನ್ ಹೇಳಿದ್ರೂ ಒಂದೇ," ಎಂದು ಅವನು ನಕ್ಕ. ಹಾಳಾದ ನಗು, ಚೆನ್ನಾಗಿತ್ತು ಬೇರೆ!

ಪಾಲಿಕೆ ಚುನಾವಣೆಗೆ ನಿಂತ ಎಲ್ಲರಿಗೂ ಕಸ, ಕೆರೆ, ಫುಟ್‌ಪಾತ್ ಬಗ್ಗೆ ಒಂದೇ ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ಅಕ್ಕಪಕ್ಕ ಇಟ್ಟು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕುವ ಕೆಲಸವನ್ನು ಮೇಘಶ್ರೀ ತಾನಾಗಿಯೇ ಮೈಮೇಲೆ ಎಳೆದುಕೊಂಡಿದ್ದಳು. ಕೆರೆಗೆ ಬೇಲಿ ಬೇಕೆಂದು ಒಬ್ಬರು, ಕೆರೆಯ ದಡದಲ್ಲಿ ಪಾರ್ಕಿಂಗ್ ಬೇಕೆಂದು ಇನ್ನೊಬ್ಬರು ಆಗಲೇ ಹೇಳಿಯಾಗಿತ್ತು. ಎಲ್ಲರೂ ತಮ್ಮ ಬಾಯಿಂದಲೇ ಹೇಳಿದ್ದರು.

"ಆಂಟೀನೇ ಹೇಳ್ಲಿ. ಅಲ್ಲಿವರೆಗೂ ಪಟ್ಟೀಲಿ ಇವರ ಜಾಗ ಖಾಲಿ ಇರುತ್ತೆ," ಎಂದು ಎದ್ದಳು.

ಅಂದಿನಿಂದ ದಿನೇಶ್ ದಿನಾ ಫೋನ್ ಮಾಡತೊಡಗಿದ. ಮೊದಲು ಜಗಳಕ್ಕೆ, ಆಮೇಲೆ ಊಟ ಆಯ್ತಾ ಎಂದು ಕೇಳಲು. ಆ ಹೊತ್ತಿಗೆ ಸರಿಯಾಗಿ ಮೇಘಶ್ರೀಗೆ ಬಾಲ್ಕನಿಯಲ್ಲಿ ಏನೋ ಕೆಲಸ ಹುಟ್ಟಿಕೊಳ್ಳುತ್ತಿತ್ತು. 'ಇದೇನಾಗ್ತಿದೆ ನನಗೆ...'

ಆದರೂ ಉತ್ತರಗಳು ಗುಂಪಿಗೆ ಬಂದಾಗ ಮುನಿವೆಂಕಟಮ್ಮನ ಹೆಸರಿನ ಕೆಳಗೆ 'ಅಭ್ಯರ್ಥಿ ಉತ್ತರಿಸಿಲ್ಲ' ಎಂದೇ ಇತ್ತು. ಜನ ಆಡಿಕೊಂಡು ನಕ್ಕರು.

"ಅಮ್ಮನ ಮರ್ಯಾದೆ ತೆಗೆದ್ರಲ್ಲ! ನೀವೂ ಎದುರು ಪಾರ್ಟಿಯೋರೇ ಅಂತ ಈಗ ಗೊತ್ತಾಯ್ತು," ಎಂದು ದಿನೇಶ್ ಫೋನ್ ಇಟ್ಟ.

ಮೇಘಶ್ರೀ ಅತ್ತಳು. ಅತ್ತು, ಮುಖ ತೊಳೆದು ಬಂದು, ಬರೆದದ್ದರಲ್ಲಿ ಒಂದಕ್ಷರವನ್ನೂ ತಿದ್ದಲಿಲ್ಲ. 'ಪ್ರೀತಿ ಅಂತ ಸುಳ್ಳು ಬರೀಲಾ? ಆಗಲ್ಲ.'

ಮರುದಿನ ಬೆಳಿಗ್ಗೆ ನೇರ ಅವರ ಮನೆಗೇ ಹೋದಳು. ದಿನೇಶ್ ಮುಖ ತಿರುಗಿಸಿಕೊಂಡ. ಅವಳು ಅವನನ್ನು ದಾಟಿ ಅಡುಗೆಮನೆಗೆ ನಡೆದು, ಅವರೆಕಾಯಿ ಸುಲಿಯುತ್ತಿದ್ದ ಮುನಿವೆಂಕಟಮ್ಮನ ಪಕ್ಕ ಕುಳಿತಳು.

"ಮೈಕ್ ಇಲ್ಲ ಆಂಟಿ. ನೀವು ಹೇಳಿದ್ದನ್ನ ಹಾಗೇ ಹಾಕ್ತೀನಿ. ಫುಟ್‌ಪಾತ್ ವ್ಯಾಪಾರದೋರನ್ನ ಎಬ್ಬಿಸ್ಬೇಕಾ?"

"ಎಲ್ರನ್ನೂ ಖಾಲಿ ಮಾಡಿಸ್ತೀವಿ ಅಂತ ನಾನ್ ಅವತ್ತೇ..." ಬಾಗಿಲಿಂದ ದಿನೇಶ್ ಶುರುಮಾಡಿದ.

"ನೀನ್ ಸುಮ್ನಿರೋ," ಎಂದರು ಮುನಿವೆಂಕಟಮ್ಮ. "ಹೊಲ ಇದ್ದಾಗ ನಾನೂ ರೋಡಲ್ಲಿ ಕೂತು ಸೊಪ್ಪು ಮಾರ್ದೋಳು. ಪಾಲಿಕೆಯೋರು ನನ್ ಬುಟ್ಟೀನ ಬೀದಿಗೆ ಚೆಲ್ಲಿದ್ದು ಇನ್ನೂ ಮರ್ತಿಲ್ಲ. ಎಬ್ಬಿಸಲ್ಲ ಕಣವ್ವ. ಅವರಿಗೆ ಒಂದ್ಕಡೆ ಜಾಗ ಮಾಡ್ಕೊಟ್ಟು, ನಡೆಯೋರಿಗೂ ದಾರಿ ಬಿಡಿಸ್ತೀನಿ."

ಇಷ್ಟು ದಿನ ದಿನೇಶ್ ಅಮ್ಮನ ಹೆಸರಿನಲ್ಲಿ ತನ್ನ ಅಭಿಪ್ರಾಯವನ್ನೇ ಹೇಳಿಕೊಂಡು ತಿರುಗಿದ್ದ. ಅಮ್ಮನನ್ನು ಒಮ್ಮೆಯೂ ಕೇಳಿರಲಿಲ್ಲ.

ಗೇಟಿನ ತನಕ ಮೇಘಶ್ರೀಯ ಹಿಂದೆಯೇ ಬಂದ.

"ತಪ್ಪಾಯ್ತು. ನೀವು ಅಮ್ಮನ ಮರ್ಯಾದೆ ತೆಗೀಲಿಲ್ಲ... ಉಳಿಸಿದ್ರಿ."

ಅವಳು ಗೇಟಿನ ಚಿಲಕಕ್ಕೆ ಕೈ ಹಾಕಿದಳು.

"ಇನ್ನೊಂದು ಮಾತಿದೆ. ಇಂಥದ್ದನ್ನ ನಮ್ಮ ಕಡೆ ದೊಡ್ಡೋರ ಕೈಲಿ ಕೇಳಿಸ್ತಾರೆ. ಆದ್ರೆ ನಾನೇ ಕೇಳ್ತೀನಿ. ನಾನಂದ್ರೆ ಇಷ್ಟಾನಾ, ಮೇಘಾ?"

"ಬೇರೆ ಜಾತಿ ಅಂದ್ರೆ ನಮ್ಮಪ್ಪ ಸುಲಭಕ್ಕೆ ಒಪ್ಪಲ್ಲ."

"ಅಪ್ಪನ ಉತ್ತರ ಆಮೇಲೆ. ನಿಮ್ಮದು?"

ಮೇಘಶ್ರೀ ತಲೆಯೆತ್ತಿ ಅವನನ್ನೇ ನೋಡಿದಳು.

"ಇಷ್ಟ... ಅಪ್ಪನ ಹತ್ರ ನಾನೇ ಮಾತಾಡ್ತೀನಿ. ನೀನು ಪಕ್ಕದಲ್ಲಿ ನಿಂತ್ಕೊ, ಸಾಕು. ಬಾಯಿ ಮಾತ್ರ ಹಾಕ್ಬೇಡ."